ಅವ್ವನ ರವಿಕೆಯ ಕಾಜಾ

ಕಾಜಾ ಹೊಲಿಯುವಾಗ ನನಗೆ ಪೂರ್ತಿ ಎಚ್ಚರವೂ ಇರುವುದಿಲ್ಲ, ನಿದ್ದೆಯೂ ಇರುವುದಿಲ್ಲ. ಗುಂಡಿ ತೂರುವ ಸೀಳಿನ ಅಂಚಿಗೆ ಸೂಜಿ ಇಳಿಸುವುದು, ದಾರವನ್ನು ಸೂಜಿಯ ಮೂತಿಗೆ ಸುತ್ತುವುದು, ಎಳೆದು ಗಂಟು ಕೂರಿಸುವುದು, ಮತ್ತೆ ಅದೇ. ಗುಂಡ್ಲುಪೇಟೆಯ ನಮ್ಮ ಮನೆಯ ಜಗಲಿಯಲ್ಲಿ ಬಿಸಿಲು ಕಾಲಿನಿಂದ ಮಡಿಲಿಗೆ ಏರುತ್ತದೆ, ಕೇರಳದ ಕಡೆ ಹೋಗುವ ಲಾರಿಗಳ ಸದ್ದು ಎಲ್ಲೋ ದೂರದಲ್ಲಿ ಕರಗುತ್ತದೆ. ಟೈಲರ್ ಭಾಯ್ ಕೊಟ್ಟ ಅಂಗಿಗಳ ರಾಶಿ ಮುಗಿದದ್ದೇ ತಿಳಿಯುವುದಿಲ್ಲ. ಈಗ ಮಿಷನ್ ಕಾಜಾ ಬಂದಿದೆ, ನಿಜ. ಆದರೂ ಕೈ ಕಾಜಾವೇ ಬೇಕೆನ್ನುವ ಗಿರಾಕಿಗಳಿದ್ದಾರೆ. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಅವ್ವನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ದಿನಾ ಬೆಳಿಗ್ಗೆ ಅವಳ ರವಿಕೆಯ ಹುಕ್ಕು ಹಾಕುವುದು ನನ್ನ ಪಾಲಿಗೆ ಬಂತು. ಚೆಂಡುಹೂವಿನ ಹೊಲದಲ್ಲಿ ಗಂಡಾಳುಗಳನ್ನೂ ಹಿಂದೆ ಹಾಕಿ ಹೂ ಬಿಡಿಸುತ್ತಿದ್ದವಳು ಅವಳು. ನಾನು ಮುಂದೆ ಕೂತರೆ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಬಿಡುತ್ತಿದ್ದಳು. ಇನ್ನೂ ಸರಿಯಾಗಿ ಬೆಳಕಾಗದ ಆ ಹೊತ್ತಿನಲ್ಲಿ, ಅವಳ ಉಸಿರು ಹಣೆಗೆ ತಾಗುತ್ತಿದ್ದರೆ, ಯಾರು ತಾಯಿ ಯಾರು ಮಗಳು ಎಂಬುದೇ ನನಗೆ ಕಲಸಿಹೋಗುತ್ತಿತ್ತು. ನನಗೆ ಅದು ಹಿತವಾಗಿತ್ತು. ಅವಳಿಗೆ ಇರಲಿಲ್ಲ.

ಚಂದಕವಾಡಿಯಿಂದ ಚಿಕ್ಕಮ್ಮ ಬಂದು, "ನಾಕ್ ದಿನ ಇದ್ದು ಬರುವಂತೆ ಬಾ ಅಕ್ಕ" ಎಂದು ಕರೆದಳು. ಅವ್ವ ಸುತರಾಂ ಒಪ್ಪಲಿಲ್ಲ.

"ನಿನ್ನ ಸೊಸೆದೀರ ಮುಂದೆ ದಿನಾ ಎದೆ ಒಡ್ಕಂಡು ನಿಂತ್ಕಳಾನಾ? ನನ್ನ ರವಿಕೆ ನಾನೇ ಆಕ್ಕಳಂಗಾದ್ರೆ ಬತ್ತೀನಿ. ಇಲ್ದಿದ್ರೆ ಈ ಒಸ್ಲು ದಾಟಾಕಿಲ್ಲ ಬುಡು."

ಹುಕ್ಕು ಒಂದೇ ಕೈಗೆ ಬಗ್ಗುವ ವಸ್ತುವಲ್ಲ. ಅದಕ್ಕೇ ದೊಡ್ಡ ಗುಂಡಿಗಳಿಟ್ಟು ಹೊಸ ರವಿಕೆ ಹೊಲಿದೆ. ಅಂಚಿನೊಳಗೆ ಗಟ್ಟಿ ಬಟ್ಟೆ ಕೊಟ್ಟು, ಎರಡೆಳೆ ದಾರದಲ್ಲಿ, ತುದಿಗಳು ಹರಿಯದಂತೆ ಅಡ್ಡಹೊಲಿಗೆ ಹಾಕಿ ಕಾಜಾ ಮಾಡಿದೆ. ಅಷ್ಟು ಚೆಂದದ ಕಾಜಾ ನಾನು ಹಿಂದೆಂದೂ ಹೊಲಿದಿರಲಿಲ್ಲ. ಅವ್ವ ಬಲಗೈಯಲ್ಲಿ ಗುಂಡಿ ಹಿಡಿದು ತಳ್ಳಿದಳು. ಹೋಗಲಿಲ್ಲ. ಹಲ್ಲು ಕಚ್ಚಿ ತಳ್ಳಿದಳು. ಹಣೆಯೆಲ್ಲ ಬೆವೆತುಹೋಯಿತು.

"ಬುಡು ಕಣಮ್ಮಿ, ನನ್ನ ಅಣೆಬರಾನೇ ಇಷ್ಟು" ಎಂದು ರವಿಕೆಯನ್ನು ಮೂಲೆಗೆ ಎಸೆದಳು.

ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ! ಹೊಸ ಕಾಜಾ ಬಿಗಿಯಾಗಿರಬೇಕು, ಗುಂಡಿ ತಿಣುಕಿ ತೂರಬೇಕು, ಒಗೆದೊಗೆದು ಆಮೇಲೆ ತಾನೇ ಸಡಿಲವಾಗುತ್ತದೆ ಎನ್ನುವುದು ಟೈಲರ್ ಅಂಗಡಿಯ ಪಾಠ. ಎರಡು ಕೈ ನೆಟ್ಟಗಿರುವವರ ಪಾಠ. ಯಾರಿಗಾಗಿ ಹೊಲಿಯುತ್ತಿದ್ದೇನೆಂದು ಕೇಳದೆ ನನ್ನ ಬೆರಳು ಅದನ್ನೇ ಮಾಡಿಬಿಟ್ಟಿದ್ದವು.

ಕೂತು ಎಲ್ಲವನ್ನೂ ಬಿಚ್ಚಿದೆ. ಸೀಳು ಉದ್ದ ಮಾಡಿ ಮತ್ತೆ ಅಂಚು ಕಟ್ಟಿದೆ. ಗುಂಡಿಗಳ ಬುಡಕ್ಕೆ ದಾರ ಸುತ್ತಿ, ಬೆರಳಿಗೆ ಸಿಗುವಷ್ಟು ಎತ್ತರಿಸಿದೆ. ಅಂಗಿ ಕೊಡಲು ಬಂದ ಟೈಲರ್ ಭಾಯ್ ಅದನ್ನು ಎತ್ತಿ ನೋಡಿ ನಕ್ಕರು.

"ಅರೆ, ಇದು ಕಾಜಾನಾ, ಜೇಬಾ? ನಮ್ಮ ಅಂಗ್ಡೀದು ಅಂತ ಮಾತ್ರ ಯಾರಿಗೂ ಹೇಳ್ಬೇಡಿ ಅಮ್ಮಾ."

"ಹೇಳಲ್ಲ ಬುಡಿ ಭಾಯ್" ಎಂದು ಕಿತ್ತುಕೊಂಡೆ.

ಮರುದಿನ ಬೆಳಿಗ್ಗೆ ಅವ್ವ ರವಿಕೆ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತೆ. ಒಳಗೆ ಬಳೆ ಸದ್ದಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಆಗುತ್ತಿತ್ತು. ನನಗೆ ಖುಷಿಯಾಗಬೇಕಿತ್ತು, ಆಗಿತ್ತು ಕೂಡ. ಜೊತೆಗೆ, ಹಾಳಾದ್ದು, ಅಳುವೂ ಬಂತು. ನಾಳೆಯಿಂದ ಅವ್ವನಿಗೆ ನನ್ನ ಕೈ ಬೇಡ.

ಬಾಗಿಲು ತೆರೆಯಿತು. ಗುಂಡಿಗಳೆಲ್ಲ ಕೆಳಗಿನಿಂದ ಸಾಲಾಗಿ ಕೂತಿದ್ದವು. ಮೇಲಿನದೊಂದು ಮಾತ್ರ ಬಿಟ್ಟೇ ಇತ್ತು.

"ಅದು ತೂರ್ನಿಲ್ವಾ ಅವ್ವ?"

"ತೂರ್ತು. ಆಕಿ, ಬಿಚ್ಚಿವ್ನಿ."

"ಯಾಕೆ?"

"ಕೂಲಿ ತಪ್ಪಿದೋಳಂಗೆ ನಿಂತಿದ್ದೀಯಲ್ಲಮ್ಮಿ, ಅದ್ಕೆ. ಬಾ, ಇದೊಂದ ಆಕು. ಚಂದಕವಾಡಿ ಬಸ್ಗೆ ಒತ್ತಾಯ್ತದೆ."

ಹಾಕಿದೆ. ಎಷ್ಟು ನಿಧಾನವಾಗಿ ಹಾಕಬಹುದೋ ಅಷ್ಟು ನಿಧಾನವಾಗಿ.