ಜೋಳಿಗೆಯ ನಾಲ್ಕನೆಯ ತುದಿ

ನನ್ನನ್ನು ಹಟಮಾರಿ ಅನ್ನದವರು ನಮ್ಮ ಕೇರಿಯಲ್ಲೇ ಇಲ್ಲ. ಅನ್ನಲಿ ಬಿಡಿ. ಆ ಹಟ ಇಲ್ಲದಿದ್ದರೆ ನಮ್ಮತ್ತೆ ಬಡಿದ ರೊಟ್ಟಿ ಸಿರುಗುಪ್ಪದ ಹಸಿದವರ ಬಾಯಿ ಸೇರುತ್ತಿರಲಿಲ್ಲ.

ಸ್ವರಾಜ್ಯ ಬಂದ ಹೊಸತು. ನಮ್ಮ ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ಆ ಮಳೆಗಾಲ ತುಂಗಭದ್ರೆ ಉಕ್ಕಿ, ಸಿರುಗುಪ್ಪದ ತಗ್ಗಿನ ಮನೆಗಳೆಲ್ಲ ಕರಗಿಹೋದವೆಂದು ಸುದ್ದಿ ಬಂತು. ಊರಿನ ದೊಡ್ಡವರು ಸೇರಿ, ಜೋಳಿಗೆ ಹಿಡಿದು ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪಕ್ಕೆ ನಡೆದೇ ಹೋಗುವುದೆಂದು ಡಂಗುರ ಸಾರಿಸಿದರು. ಜೋಳಿಗೆಯೆಂದರೆ ದೊಡ್ಡದೊಂದು ದುಪ್ಪಟಿ. ನಾಲ್ವರು ನಾಲ್ಕು ತುದಿ ಹಿಡಿದು ಬೀದಿಯಲ್ಲಿ ನಡೆಯುತ್ತಾರೆ. ಮನೆಮನೆಯವರು ಹೊರಗೆ ಬಂದು ಅದರೊಳಗೆ ಕಾಳುಕಡಿ, ಬೇಗ ಕೆಡದ ಕಡಕ್ ರೊಟ್ಟಿ ಹಾಕುತ್ತಾರೆ.

ಅತ್ತೆ, ನಾನು ಇಬ್ಬರೂ ಹತ್ತಿ ಮಿಲ್ಲಿನ ಕೂಲಿಯವರು. ಅವತ್ತು ಕೂಲಿ ಬಿಟ್ಟು ಒಲೆಯ ಮುಂದೆ ಕೂತು ಬುಟ್ಟಿ ತುಂಬ ರೊಟ್ಟಿ ಬಡಿದೆವು. ಬರಗಾಲದಲ್ಲಿ ಗಂಜಿಗಾಗಿ ಕೈಯೊಡ್ಡಿ ನಿಂತ ಜೀವ ನಮ್ಮತ್ತೆಯದು. "ಹುಟ್ಟಿದಾಗಿಂದ ಬರೇ ಇಸ್ಕೊಂಡೀನವಾ. ಸಾಯೋದ್ರಾಗ ಒಮ್ಮೆರ ಕೊಟ್ಟಾಕಿ ಅನ್ನಿಸ್ಕೋಬೇಕು" ಅಂದಳು. ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ಜೋಳಿಗೆ ನಮ್ಮ ಕೇರಿಯ ತನಕ ಬರಲಿಲ್ಲ. ನಾವೇ ಬುಟ್ಟಿ ಹೊತ್ತು ದೊಡ್ಡ ಬೀದಿಗೆ ಹೋದೆವು. ಮುಂದೆ ನಿಂತಿದ್ದ ಸಾಹುಕಾರರು ಕೈ ಅಡ್ಡ ಹಿಡಿದರು.

"ಜೋಳ ಇದ್ರ ಹಾಕ್ರಿ, ಹಸೇದು ನಡೀತೈತಿ. ನಿಮ್ಮ ಒಲಿ ಮ್ಯಾಲಿಂದು ಬ್ಯಾಡ."

"ಬೀಸೋ ಕಲ್ಲು ಹೊಳೀ ಪಾಲಾಗೈತ್ರೀ ಅವರ್ದು. ಜೋಳ ಹಂಗೇ ಮುಕ್ಕಬೇಕೇನು?" ಅತ್ತೆ ಕೇಳಿದಳು.

"ಹಂಗಾರ ನಿಮ್ಮ ಮಂದಿಗೆ ನೀವು ಬ್ಯಾರೆ ಕೊಡ್ರಿ."

ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು ನನಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಮಾತು ಇವರನ್ನು ನೋಡಿಯೇ ಹುಟ್ಟಿರಬೇಕು! ಅತ್ತೆ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, "ದಾರಿ ಯಾರಪ್ಪಂದೂ ಅಲ್ಲ, ನಡಿಯವಾ" ಅಂದಳು. ಅವರ ಹಿಂದೆ ನಾವೂ ಹೊರಟೆವು.

ಕುರುಗೋಡಿನಲ್ಲಿ ಬಸವಣ್ಣನ ಗುಡಿಯ ಹತ್ತಿರ ಅವರಿಗೆ ಊಟ ಹಾಕಿದರು. ನಾವು ಬೇವಿನ ಮರದಡಿ ಹುರಿಗಡಲೆ ತಿಂದು ನೀರು ಕುಡಿದು ರಾತ್ರಿ ಕಳೆದೆವು. ಬುಟ್ಟಿಯ ರೊಟ್ಟಿಗೆ ಕೈ ಹಚ್ಚಲಿಲ್ಲ. ಕೊಡುವುದಕ್ಕೆ ತಂದದ್ದನ್ನು ನಾವೇ ತಿನ್ನುವುದೆ?

ಮರುದಿನ ಸಿರುಗುಪ್ಪ ಹತ್ತಿರಾಗುವಾಗ ಹಳ್ಳವೊಂದು ತುಂಬಿ ಹರಿಯುತ್ತಿತ್ತು. ಕೂಡಿಸಿದ ಜೋಳ, ರೊಟ್ಟಿ ಹೇರಿದ್ದ ಬಂಡಿ ಎರೆಮಣ್ಣಿನ ಕೆಸರಿನಲ್ಲಿ ಹೂತುಕೊಂಡಿತು. ಗಂಡಸರು ಜೋಳದ ಚೀಲ ಹೊತ್ತು ಮುಂದೆ ಇಳಿದರು. ರೊಟ್ಟಿಗಳನ್ನೆಲ್ಲ ಜೋಳಿಗೆಗೆ ಸುರಿದು, ನಾಲ್ವರು ತುದಿ ಎತ್ತಿ ಹಿಡಿದು ನೀರಿಗೆ ಕಾಲಿಟ್ಟರು. ನಡುನೀರಿನಲ್ಲಿ ಒಬ್ಬನ ಕಾಲು ಜಾರಿ ಉಳುಕಿತು. ತುದಿ ಕೈತಪ್ಪಿ, ಜೋಳಿಗೆ ಒಂದು ಕಡೆ ವಾಲಿತು. ಹಿಂದೆಯೇ ಇದ್ದ ನಾನು ಗಬಕ್ಕನೆ ಹಿಡಿದುಕೊಂಡೆ.

"ಲೇ, ಮುಟ್ಟಬ್ಯಾಡ! ಬಿಡು!" ಸಾಹುಕಾರರು ಆಚೆ ದಡದಿಂದ ಕೂಗಿದರು.

"ಬಿಟ್ರ ಹಳ್ಳಕ್ಕ ಬೀಳ್ತಾವ್ರಿ. ಬಿಡ್ಲೇನು?"

ನನಗೆ ಎಲ್ಲಿತ್ತೋ ಧೈರ್ಯ! "ನಾ ಹಿಡದಾಗಲೇ ಮೈಲಿಗಿ ಆತಲ್ರಿ. ಇನ್ನ ನಮ್ಮತ್ತಿ ರೊಟ್ಟೀನೂ ಇದ್ರಾಗ ಬೀಳ್ಲಿ. ಹೂಂ ಅನ್ರಿ, ಇಲ್ಲಾ ಬಿಡ್ತೀನಿ."

ನಿಜಕ್ಕೂ ಬಿಡುತ್ತಿದ್ದೆನೆ? ಹಸಿದವರ ಅನ್ನ ಅದು, ಸತ್ತರೂ ಬಿಡುತ್ತಿರಲಿಲ್ಲ. ಆದರೆ ಅದು ಸಾಹುಕಾರರಿಗೇನು ಗೊತ್ತು!

"ಸಾವ್ಕಾರ್ರೇ, ಎತ್ತಿ ಹಿಡದು ಹಿಡದು ರಟ್ಟಿ ಬಿದ್ದು ಹೋಗ್ತಾವ. ಹೂಂ ಅಂದುಬಿಡ್ರಿ ನಿಮ್ಮ ಪುಣ್ಯಾ!" ಎಂದು ಉಳಿದ ಮೂವರಲ್ಲಿ ಒಬ್ಬ ಅರಚಿದ.

"ಹೂಂ" ಅಂದರು ಸಾಹುಕಾರರು.

ಅತ್ತೆ ಅವಸರ ಮಾಡಲಿಲ್ಲ. ಮೊಣಕಾಲ ನೀರಿನಲ್ಲಿ ನಿಂತು, ತಲೆಯ ಬುಟ್ಟಿ ಸೊಂಟಕ್ಕಿಳಿಸಿ, ರೊಟ್ಟಿಗಳನ್ನು ಹಿಡಿ ಹಿಡಿಯಾಗಿ ಹಾಕಿದಳು. ದಡ ಹತ್ತುವಷ್ಟರಲ್ಲಿ ಎಲ್ಲ ಕಲೆತುಹೋಗಿತ್ತು. ಜೋಳದ ರೊಟ್ಟಿಗೆ ಯಾವ ಮನೆಯದೆಂದು ಗುರುತು ಎಲ್ಲಿರುತ್ತದೆ?

ಸಿರುಗುಪ್ಪದಲ್ಲಿ ಮನೆ ಕಳಕೊಂಡವರೆಲ್ಲ ದಿಬ್ಬದ ಮೇಲಿನ ಶಾಲೆಯಲ್ಲಿದ್ದರು. ನಾಲ್ಕನೆಯ ತುದಿ ಹಿಡಿದು ನಾನೇ ಒಳಗೆ ಹೋದೆ. ಕೈಗಳು ಚಾಚಿಕೊಂಡವು, ಯಾರೂ ಏನೂ ಕೇಳಲಿಲ್ಲ. ಹಣೆ ತುಂಬ ವಿಭೂತಿ ಹಚ್ಚಿದ್ದ ಒಬ್ಬ ಅಜ್ಜಿ ಮಾತ್ರ ತನಗೆ ಸಿಕ್ಕ ಎರಡರಲ್ಲಿ ಒಂದನ್ನು ಹಿಡಿದು ಎದ್ದು ಬಂದು ಸಾಹುಕಾರರ ಮುಂದೆ ನಿಂತಳು. ಬಂದವರನ್ನು ಬರಿಬಾಯಲ್ಲಿ ಕಳಿಸುವ ರೂಢಿ ನಮ್ಮ ಸೀಮೆಯಲ್ಲಿಲ್ಲ, ಮನೆಯೇ ಇಲ್ಲದಿದ್ದರೂ.

"ದೂರದಿಂದ ನಡಕೊಂತ ಬಂದೀರಿ. ತಿನ್ರೆಪ್ಪಾ."

ಸಾಹುಕಾರರು ರೊಟ್ಟಿಯನ್ನು ತಿರುವಿ ತಿರುವಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

"ಇದು ಯಾರ ಮನೀದು?" ಮೆಲ್ಲಗೆ ಕೇಳಿದರು.

"ಅಜ್ಜಿ ಕೊಟ್ಟಾಳ್ರಿ. ತಿನ್ರಿ" ಅಂದೆ.

ಅವರು ಮುರಿದು ಬಾಯಿಗಿಟ್ಟರು. ಅತ್ತೆ, ನಾನು ಪಕ್ಕಪಕ್ಕ ನಿಂತು ಕೊನೆಯ ಚೂರಿನವರೆಗೂ ನೋಡಿದೆವು.