ಚೂರು ಸಿಗುವ ತನಕ

ಹೊಲಿಗೆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸೂಜಿ ಕಾದವಳು ಅವಳು. ಯಾವ ಮಿಷನ್ನಿನಲ್ಲಿ ಸೂಜಿ ಮುರಿದರೂ ಚೂರುಗಳನ್ನು ಹುಡುಕಿ ಕಾಗದಕ್ಕೆ ಅಂಟಿಸಿ, ಇಡೀ ಸೂಜಿ ಕೂಡಿಬಂತು ಅಂತ ಅವಳು ಹೇಳುವ ತನಕ ಆ ಸಾಲಿನ ಒಂದು ಅಂಗಿಯೂ ಹೊರಗೆ ಹೋಗುವಂತಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಸೂಜಿಯಕ್ಕ. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಓವನ್ ಇಟ್ಟುಕೊಂಡು, ಕೇಳಿದವರಿಗೆ ಎಂಪನಾಡ ಮಾಡಿ ಕೊಡತೊಡಗಿದಳು. ಲಟ್ಟಿಸಿದ ಮೈದಾ ಹಿಟ್ಟಿನೊಳಗೆ ಆಲೂಗಡ್ಡೆ, ಕ್ಯಾರೆಟ್, ಬಟಾಣಿಯ ಹೂರಣ ಇಟ್ಟು, ಅರ್ಧಚಂದ್ರದ ಹಾಗೆ ಮಡಿಸಿ, ಅಂಚನ್ನು ಹಗ್ಗದಂತೆ ತಿರುಚಿ ಬೇಯಿಸುವ ತಿಂಡಿ ಅದು.

ಆ ದಿನ ದಂತವೈದ್ಯೆಯೊಬ್ಬರ ಹೊಸ ಕ್ಲಿನಿಕ್ಕಿನ ಉದ್ಘಾಟನೆಗೆ ಸಂಜೆ ಐದಕ್ಕೆ ಐವತ್ತು ಬೇಕಿತ್ತು. ಮೊದಲ ತಟ್ಟೆ ಬೇಯುತ್ತಲೇ ಬಸ್ ಓಡಿಸುವ ಮೈದುನ ಮೂಗರಳಿಸಿಕೊಂಡು ಬಂದು, ಮೂರನ್ನು ಡಬ್ಬಿಗೆ ಹಾಕಿಸಿಕೊಂಡು ಡ್ಯೂಟಿಗೆ ಹೋದ. ಆಮೇಲೆ ಮೆಣಸಿನಪುಡಿಯ ಗಾಜಿನ ಸೀಸೆ ಎತ್ತಿದರೆ ಅದರ ಬಾಯಿ ಮುಕ್ಕಾಗಿತ್ತು. ಹೂರಣಕ್ಕೆ ಪುಡಿ ಉದುರಿಸುವಾಗ ಸೀಸೆಯನ್ನು ಬಾಣಲೆಯ ಅಂಚಿಗೆ ತಟ್ಟಿದ್ದು ನೆನಪಾಯಿತು.

ಕಟ್ಟೆ ಸವರಿದಳು, ನೆಲ ಗುಡಿಸಿದಳು, ಕಸದ ಬುಟ್ಟಿ ಬೋರಲು ಹಾಕಿದಳು. ಉಗುರಿನಷ್ಟು ಗಾಜು ಎಲ್ಲೂ ಇಲ್ಲ. ಓವನ್ ಆರಿಸಿದಳು. ಅಲ್ಲೇ ಕೂತಿದ್ದ ಅತ್ತೆ, ಐವತ್ತರಲ್ಲಿ ಒಂದಕ್ಕೆ ಇಷ್ಟು ಗಾಬರಿಯೇ, ಬಾಯಿಗೆ ಸಿಕ್ಕಿದವರು ಉಗುಳಿಕೊಳ್ಳುತ್ತಾರೆ ಅಂದರು.

"ಅವನ ಡಬ್ಬೀಲಿ ಮೂರಿವೆ ಅತ್ತೆ," ಅಂದಳು ಅವಳು.

ಅತ್ತೆಯ ಮುಖದ ಬಣ್ಣ ಇಳಿದುಹೋಯಿತು.

ಓಡಿಸುವಾಗ ಮೈದುನ ಫೋನ್ ಎತ್ತುವವನಲ್ಲ. ಹನ್ನೆರಡೂವರೆಗೆ ಕೊನೆಯ ನಿಲ್ದಾಣದಲ್ಲಿ ಅವನ ಊಟ. ಆಗಲೇ ಹನ್ನೆರಡು ಹತ್ತು. ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಹಿಟ್ಟು ಮೆತ್ತಿದ ಕೈಯಲ್ಲೇ ಆಟೋ ಹತ್ತಿದಳು. ಎರಡು ಸಿಗ್ನಲ್ಲು ಕೆಂಪು. ಮೂರನೆಯದಕ್ಕೆ ಇಳಿದು ಓಡಿದಳು. ನಿಲ್ದಾಣದಲ್ಲಿ ಒಂದೇ ಬಣ್ಣದ ನಾಲ್ಕು ಬಸ್ಸು. ಮೂರನೆಯದರಲ್ಲಿ ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಕೆನ್ನೆ ಉಬ್ಬಿತ್ತು.

"ನುಂಗಬೇಡ."

ಅವನು ಕಣ್ಣುಕಣ್ಣು ಬಿಟ್ಟು ಅಂಗೈಗೆ ಉಗುಳಿದ. ಒಂದು ಆಗಲೇ ಹೊಟ್ಟೆ ಸೇರಿತ್ತು. ಅವಳು ಉಗುಳಿದ್ದನ್ನು ಬೆರಳಲ್ಲಿ ಹಿಸುಕಿ ನೋಡಿ, ಉಳಿದದ್ದನ್ನು ಸೀಟಿನ ಮೇಲೆ ಒಡೆದಳು. ಬಟಾಣಿಯ ಪಕ್ಕ ಏನೋ ಮಿಂಚಿತು. ಒರೆಸಿ ಸೀಸೆಯ ಬಾಯಿಗೆ ಜೋಡಿಸಿದಳು. ಕೂತಿತು, ಆದರೆ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಂದು ಉಳಿಯಿತು.

"ಮೊದಲನೇದು ತಿನ್ನುವಾಗ ಹಲ್ಲಿಗೆ ಏನಾದರೂ ಸಿಕ್ತಾ?"

"ಇಲ್ಲ ಅತ್ತಿಗೆ," ಅಂದ. ನಾಲಿಗೆಯಿಂದ ಹಲ್ಲು ಸವರಿಕೊಂಡು, "ಇಲ್ಲ ಅನ್ಸುತ್ತೆ. ಹಸಿವಾಗಿತ್ತು, ಗಮನಿಸಲಿಲ್ಲ."

ಬಸ್ಸನ್ನು ಬೇರೆಯವನಿಗೆ ಒಪ್ಪಿಸಿ ಇಬ್ಬರೂ ಆಸ್ಪತ್ರೆಗೆ ಹೋದರು. ವೈದ್ಯರು ಗಂಟಲು ನೋಡಿ, ಹೊಟ್ಟೆ ಒತ್ತಿ, ಎರಡು ದಿನ ಕಾಯಿರಿ, ನೋವು ಬಂದರೆ ತಕ್ಷಣ ಬನ್ನಿ ಅಂದರು.

ಮನೆಗೆ ಬಂದವಳೇ ಬೆಂದದ್ದು, ಬೇಯದ್ದು, ಹೂರಣ, ಹಿಟ್ಟು ಎಲ್ಲವನ್ನೂ ಚೀಲಕ್ಕೆ ಸುರಿದು ಬಾಯಿ ಕಟ್ಟಿದಳು. ದಂತವೈದ್ಯೆಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಆಕೆ, "ಬಿಸ್ಕತ್ತಲ್ಲೇ ಮುಗಿಸ್ತೀವಿ ಬಿಡಿ. ನೀವು ಸುಮ್ಮನಿದ್ದಿದ್ರೆ ಬಂದ ಅತಿಥಿಗಳೆಲ್ಲ ನನ್ನ ಕುರ್ಚೀಲಿ ಬಾಯಿ ತೆರೆದುಕೊಂಡು ಕೂತಿರೋರು," ಅಂದರು. ಸೂಜಿಯಕ್ಕನಿಗೆ ನಗು ಬರಲಿಲ್ಲ.

ಎರಡು ದಿನ ಮೈದುನ ಮಗ್ಗುಲು ಬದಲಿಸಿದರೂ ಅತ್ತೆ ಎದ್ದು ಕೂರುತ್ತಿದ್ದರು. ಮೂರನೆಯ ಬೆಳಗ್ಗೆ ಅವನು, ಹಸಿವಾಗ್ತಿದೆ, ಏನಾದರೂ ಇದೆಯಾ ಅಂತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಆಗ ಮಾತ್ರ ಅವಳಿಗೆ ಅಳು ಬಂತು. ಆ ಅಕ್ಕಿಕಾಳಿನಷ್ಟು ಚೂರು ಎಲ್ಲಿ ಹೋಯಿತೋ ಕಡೆಗೂ ತಿಳಿಯಲಿಲ್ಲ.

ಮುಂದಿನ ವಾರ ದಂತವೈದ್ಯೆ ಮತ್ತೆ ಮೂವತ್ತು ಕೇಳಿದರು. ಅತ್ತೆ, ಯಾರೂ ಹೇಳದೆಯೇ, ಕನ್ನಡಕ ಹಾಕಿಕೊಂಡು ಬಟಾಣಿ ಬಿಡಿಸಲು ಕೂತರು.