ನನಗೆ ಗೊತ್ತಿಲ್ಲದ ಮಾತ್ರೆ

ನಮ್ಮವರ ಎದೆಗೆ ಸ್ಟೆಂಟ್ ಹಾಕಿದ ಮೇಲೆ ಅವರ ಮಾತ್ರೆಗಳ ಯಜಮಾನಿಕೆ ನನ್ನದಾಯಿತು. ಬೆಳಗಿನದು, ರಾತ್ರಿಯದು, ತಿಂಡಿಗೆ ಮುಂಚಿನದು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಜಯನಗರದ ಪಾರ್ಕಿನಲ್ಲಿ ಸಿಕ್ಕ ಹೆಂಗಸರ ಮುಂದೆಲ್ಲ ಅದರ ಜಂಭ ಕೊಚ್ಚಿಕೊಳ್ಳುತ್ತಿದ್ದೆ.

ಆ ಭಾನುವಾರ ಊಟವಾದ ಮೇಲೆ ಅವರು ನನ್ನ ಕೋಣೆಗೆ ಬಂದರು. ಸ್ಟೆಂಟ್ ಹಾಕಿದಂದಿನಿಂದ ನಾವು ಬೇರೆ ಬೇರೆ ಮಲಗುತ್ತಿದ್ದೆವು. "ಏನ್ರೀ, ದಾರಿ ತಪ್ಪಿ ಬಂದ್ರಾ?" ಎಂದು ರೇಗಿಸಿದೆ. ನಕ್ಕರು. ಅಂದು ಎಲ್ಲವೂ ಮೊದಲಿನಂತೆಯೇ ಆಯಿತು. ತಾನಾಗಿಯೇ ಆಯಿತು ಅಂದುಕೊಂಡು ಹಿಗ್ಗಿದೆ, ಪೆದ್ದಿ ನಾನು.

ಸಂಜೆ ಕಾಫಿ ಕುಡಿಯುತ್ತಿದ್ದವರು ಎದೆ ಹಿಡಿಯುತ್ತಿದೆ ಅಂದರು. ಪಕ್ಕದ ಬೀದಿಯಲ್ಲಿದ್ದ ನಮ್ಮಣ್ಣ ಕಾರು ತಂದ. ಚೀಟಿ ಕಿತ್ತುಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಅದನ್ನು ಓದಿ, "ಇದನ್ನ ಬಿಟ್ಟು ಬೇರೇನಾದ್ರೂ ತಗೊಂಡಿದೀರಾ ಸಾರ್? ಶಕ್ತಿಗೆ ಗಿಕ್ತಿಗೆ ಅಂತ?" ಎಂದು ಅವರನ್ನೇ ಕೇಳಿದರು. ಅವರು ಬಾಯಿ ತೆರೆದರು. ಪಕ್ಕದಲ್ಲಿ ನಿಂತಿದ್ದ ನಮ್ಮಣ್ಣನನ್ನು ನೋಡಿದರು. ಅಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿದೆ: "ನನಗೆ ಗೊತ್ತಿಲ್ದೆ ಅವ್ರ ಹೊಟ್ಟೆಗೆ ಏನೂ ಹೋಗಲ್ಲ ಡಾಕ್ಟ್ರೇ." ಅವರು ಕಣ್ಣು ಮುಚ್ಚಿಕೊಂಡರು.

ನಾಲಿಗೆಯಡಿ ಎದೆನೋವಿನ ಮಾತ್ರೆ ಇಟ್ಟರು. ಬಿಪಿ ಸರ್ರನೆ ಇಳಿಯಿತು. ಮತ್ತೆ ಏರಲೇ ಇಲ್ಲ.

ಮೂರನೇ ದಿನ ಅವರ ಕನ್ನಡಕದ ಡಬ್ಬಿಯಲ್ಲಿ ಒಂದು ಸ್ಟ್ರಿಪ್ ಸಿಕ್ಕಿತು. ಅದರಲ್ಲಿ ಒಂದೇ ಒಂದು ಮಾತ್ರೆ ಖಾಲಿಯಾಗಿತ್ತು. ಡಾಕ್ಟರಿಗೆ ಒಯ್ದು ತೋರಿಸಿದೆ.

"ಈ ಗಂಡಸರ ಮಾತ್ರೆ ತಗೊಂಡೋರಿಗೆ ಆ ಎದೆನೋವಿನ ಮಾತ್ರೆ ಕೊಡಬಾರದು ಮೇಡಂ. ಎರಡೂ ಸೇರಿದ್ರೆ ಬಿಪಿ ಬಿದ್ದೋಗತ್ತೆ. ಅವರು ಒಂದು ಮಾತು ಹೇಳಿದ್ದಿದ್ರೆ..."

ಹೇಳಲು ನಾನು ಬಿಟ್ಟರೆ ತಾನೆ? ಕಟ್ಟಿಕೊಂಡ ಹೆಂಡತಿಯ ಹತ್ತಿರ ಎಂಥ ನಾಚಿಕೆ ರೀ ನಿಮಗೆ ಎಂದು ಅವರ ಫೋಟೋದ ಮುಂದೆ ನಿಂತು ಜಗಳವಾಡುತ್ತೇನೆ. ಆಮೇಲೆ ಆ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗುತ್ತದೆ. ಅದು ಹೋಗುವಂಥದ್ದಲ್ಲ, ಗೊತ್ತು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕುಳಿತ ನೆಂಟರಿಗೆ ನಮ್ಮಣ್ಣ ಹೇಳುತ್ತಿದ್ದ: "ನಮ್ ತಂಗಿ ಎಷ್ಟು ಚೆನ್ನಾಗಿ ನೋಡ್ಕೊಂಡ್ಳು ಗೊತ್ತಾ? ಅವಳಿಗೆ ಗೊತ್ತಿಲ್ದೆ ಭಾವನ ಹೊಟ್ಟೆಗೆ ಒಂದು ಮಾತ್ರೆನೂ ಹೋಗ್ತಿರ್ಲಿಲ್ಲ."

ಅಲ್ಲ ಅನ್ನಲು ಬಾಯಿವರೆಗೆ ಬಂತು. ಅಂದುಬಿಟ್ಟರೆ ಅವರ ಮಾನ ಹೋಗುತ್ತದೆ. ಜೀವ ಬಿಟ್ಟು ಉಳಿಸಿಕೊಂಡಿದ್ದರಲ್ಲ ಅದನ್ನು.